ಗೆರೆಯಿಲ್ಲದ ಬೆಟ್ಟ

ಅಪ್ಪಾ,

ತೀರ್ಥರೂಪರಿಗೆ ಎಂದು ಆರಂಭಿಸಿದ್ದೆ. ಬೇರೆ ಯಾರಿಗೋ ಬರೆಯುತ್ತಿರುವಂತೆ ಕಂಡಿತು, ಹೊಡೆದುಹಾಕಿದೆ.

ನಾನು ಮೊದಲ ಸಲ ಎಣ್ಣೆಬಣ್ಣ ತಂದ ದಿನ ನೀವು ಬರೆಯುತ್ತಿದ್ದ ಪಟದಲ್ಲಿ ದೇವಿಯ ಕಿರೀಟಕ್ಕೆ ಚಿನ್ನದ ರೇಕು ಅಂಟಿಸುತ್ತಿದ್ದಿರಿ. ತಲೆ ಎತ್ತದೆಯೇ, "ಏನೋ ಇದು, ಮನೆಯೆಲ್ಲ ಕೀಲೆಣ್ಣೆ ವಾಸ್ನೆ ಮಾಡ್ಬುಟ್ಯಲ್ಲೋ! ಜಟಕಾ ಏನಾದ್ರೂ ಕೊಂಡ್ಕೊಂಡ್ಯಾ?" ಎಂದಿರಿ. ಬೆಟ್ಟದ ಮೇಲಿನ ಬೆಳಗಿನ ಮಂಜನ್ನು ಬರೆಯಬೇಕು ಎಂದೆ. ಬಂಗಾಳಿಯಿಂದ ಕನ್ನಡಕ್ಕೆ ಬಂದ ಕಾದಂಬರಿಗಳಲ್ಲಿ ಮಂಜು ಕವಿದ ನದಿಗಳನ್ನು ಓದಿ ಓದಿ, ನಮ್ಮ ಚಾಮುಂಡಿಬೆಟ್ಟಕ್ಕೂ ಅಂಥ ಬೆಳಗು ಇದೆಯೆಂದು ನನಗೆ ಹೊಳೆದಿತ್ತು. ನೀವು ನಕ್ಕಿರಿ. "ದೇವಿ ಕಾಣ್ದಂಗೆ ದೇವಿ ಬೆಟ್ಟ ಬರೀತಾನಂತೆ, ಕೇಳಿದ್ಯೇನೇ?" ಎಂದು ಅಮ್ಮನನ್ನು ಕರೆದಿರಿ.

ಎಣ್ಣೆಬಣ್ಣದ ಕೆಲಸ ಕಲಿಸಲು ಒಪ್ಪಿದ ಮೇಷ್ಟ್ರು ನನ್ನ ಮೊದಲ ಚಿತ್ರ ನೋಡಿದ್ದು ಬನ್ನಿಮಂಟಪದ ಬಯಲಿನಲ್ಲಿ. "ಚೆನ್ನಾಗಿದೆ. ಆದ್ರೆ ಬೆಟ್ಟಕ್ಕೆ ಬೇಲಿ ಯಾಕ್ರೀ ಹಾಕಿದ್ದೀರಿ?" ಎಂದರು. ನೋಡಿದರೆ, ಬೆಟ್ಟದ ಅಂಚಿಗೆಲ್ಲ ಸಣ್ಣ ಗೆರೆ. ಎಳೆದ ನೆನಪೇ ಇಲ್ಲ. ದೇವರ ಮೂಗು, ಬೆರಳು, ಪಾದ, ಎಲ್ಲವನ್ನೂ ಗೆರೆಯಿಂದಲೇ ಮುಗಿಸಲು ನಿಮ್ಮಲ್ಲಿ ಕಲಿತ ಕೈ ಅದು. ನೀಲಿಗೆ ಬಿಳಿ ಬೆರೆಸಿ ದೂರವನ್ನು ತಿಳಿಯಾಗಿಸಿದೆ, ಆಕಾಶದ ಬಣ್ಣ ಹಸಿಯಿರುವಾಗಲೇ ಬೆಟ್ಟವನ್ನು ಬರೆದು ನೋಡಿದೆ. ಆದರೂ ಕೊನೆಯ ಗಳಿಗೆಯಲ್ಲಿ ಕೈ ಅಂಚಿಗೆ ಹೋಗಿಬಿಡುತ್ತಿತ್ತು. ಅದನ್ನು ತಡೆಯುವುದೆಂದರೆ ನಿಮ್ಮ ಕೈಯನ್ನೇ ಹಿಡಿದು ತಡೆದಂತೆ...

ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ನೀವು ಹೇಳಿದಿರಿ: "ಗೆರೆ ಬುಟ್ರೆ ನಮ್ಮನೆ ಕಸುಬೇ ಬುಟ್ಟಂಗೆ ಕಣೋ." ಅದಕ್ಕೆ ಉತ್ತರ ಸಿಗುವ ಮೊದಲೇ ನೀವು... ಗೆರೆ ಬಿಡದೆ ಮಂಜು ಬರುವುದಿಲ್ಲ. ಬಿಟ್ಟರೆ ನಿಮ್ಮ ಮಗನಾಗಿ ಉಳಿಯುತ್ತೇನೆಯೇ?

ಈ ಮಾಗಿಯಲ್ಲಿ ನಿಮ್ಮ ಪೆಟ್ಟಿಗೆ ತೆರೆದೆ. ಹುಣಸೆಕಡ್ಡಿಯ ಇದ್ದಲು, ಅದರ ಪಕ್ಕದಲ್ಲೇ ಆ ಹಕ್ಕಿಗರಿ. ನೆನಪಿದೆಯೇ? ಇದ್ದಲಿನಲ್ಲಿ ಬರೆದದ್ದು ಸರಿಬಾರದಿದ್ದರೆ ಗರಿಯಿಂದ ಒಮ್ಮೆ ಸವರುತ್ತಿದ್ದಿರಿ. ಗೆರೆ ಹೋಗಿ, ಅಲ್ಲಿ ಬೂದಿಬಣ್ಣದ ನೆರಳೊಂದು ಉಳಿಯುತ್ತಿತ್ತು. ಅದು ಮಂಜಲ್ಲದೆ ಇನ್ನೇನು, ಅಪ್ಪಾ? ಗೆರೆ ಎಳೆಯುವಷ್ಟೇ ಎಚ್ಚರದಿಂದ ನೀವು ಅದನ್ನು ಅಳಿಸುತ್ತಿದ್ದಿರಿ. ಅದೂ ನಮ್ಮನೆ ಕಸುಬೇ.

ಮರುದಿನ ಬೆಳಿಗ್ಗೆ ಗರಿಯನ್ನು ಬಯಲಿಗೆ ಒಯ್ದೆ. ಕೈ ಎಂದಿನಂತೆ ಗೆರೆ ಎಳೆಯಿತು. ಎಳೆಯಲಿ ಎಂದು ಬಿಟ್ಟೆ. ಬಣ್ಣ ಹಸಿಯಿರುವಾಗಲೇ ಅಂಚಿನ ಮೇಲೆ ಗರಿ ಸವರಿದೆ. ಬೆಟ್ಟ ಹಿಂದಕ್ಕೆ ಸರಿಯಿತು. ಮೇಷ್ಟ್ರು ಬಗ್ಗಿ ಅಂಚನ್ನು ನೋಡಿ, "ಅಂತೂ ಬೇಲಿ ಕಿತ್ರಿ" ಎಂದರು.

ಇನ್ನು ಬರೆಯುವುದನ್ನು ನಿಲ್ಲಿಸುವುದಿಲ್ಲ. ಕುಕ್ಕರಹಳ್ಳಿ ಕೆರೆಯ ಬೆಳಗಿದೆ, ಹಿನಕಲ್ ಕಡೆಯ ಹೊಲಗಳ ಮೇಲಿನ ಸಂಜೆಯಿದೆ. ಗರಿ ಸವೆದರೆ ಇನ್ನೊಂದನ್ನು ಹುಡುಕುತ್ತೇನೆ.

ಚಿತ್ರವನ್ನು ನೀವು ಕೂರುತ್ತಿದ್ದ ಕಿಟಕಿಯ ಪಕ್ಕ ಒಣಗಲು ಇಟ್ಟಿದ್ದೇನೆ. ಇಂದು ಅಮ್ಮ ಅಡುಗೆಮನೆಯಿಂದ ಬಂದು ಅದರ ಮುಂದೆ ನಿಂತಳು.

"ದೇವಸ್ಥಾನ ಎಲ್ಲೋ?"

"ಮಂಜಿನೊಳಗಿದೆ ಕಣಮ್ಮ."

ಸೆರಗಿಗೆ ಕೈ ಒರೆಸಿಕೊಂಡು ಅಲ್ಲೇ ಕೂತುಬಿಟ್ಟಳು. "ಇನ್ನೇನು ಬಿಸ್ಲು ಬಂದು ಮಂಜು ಕರಗೋ ಹೊತ್ತು. ಇರು, ನೋಡ್ಕೊಂಡೇ ಏಳ್ತೀನಿ."