ಗುಡ್‌ಬೈಗೆ ಕನ್ನಡ

೧೮ ಆಗಸ್ಟ್, ಸೋಮವಾರ

ಒಂದು ಪದ ಕಾಡುತ್ತಿದೆ. ಅವ್ವ ತೀರಿಕೊಂಡಾಗಿನಿಂದ ಫೋನಿನಲ್ಲಿ ತಂಗಿ ಭಾಗ್ಯಾಗೆ ಇಂಗ್ಲಿಷ್ ಮಕ್ಕಳ ಕಾದಂಬರಿಯೊಂದನ್ನು ಕನ್ನಡದಲ್ಲಿ ಹೇಳುತ್ತಿದ್ದೇನೆ. ಇವತ್ತು ಅದರಲ್ಲಿ ಸತ್ತ ತಾಯಿ ಮಂಜಿನ ದೋಣಿ ಹತ್ತಿ ಮಗಳಿಗೆ ಗುಡ್‌ಬೈ ಅಂದಳು. ನನ್ನ ಬಾಯಿಗೆ ಬಂದದ್ದು ‘ಹೋಗಿ ಬರ್ತೇನಿ’. ನಾವು ಬೇರೇನು ಅನ್ನುತ್ತೇವೆ?

ಭಾಗ್ಯಾ ಸಿಟ್ಟಾದಳು. “ದೊಡ್ಡ ದವಾಖಾನಿಗೆ ಹೋಗುವಾಗ ಅವ್ವಾನೂ ಹಂಗ ಅಂದಿದ್ಲಲ್ಲ? ಮತ್ತ ಆಕಿ ಬರಂಗಿಲ್ಲ ಅಂತ ನೀ ಅಂತಿ, ಸುಳ್ಳಿ!”

ತಪ್ಪು ನನ್ನದು ಎನ್ನುವಷ್ಟರಲ್ಲಿ ಆ ಕಡೆ ಬಾಗಿಲು ಬಡಿದ ಸದ್ದು.

“ಅಪ್ಪ ಬಂದ್ನೇನ?” ಎಂದೆ.

“ಅಪ್ಪಾ ಇಲ್ಲೇ ಉಣ್ಣಾಕತ್ತಾನ. ತಡಿ.”

ಬಾಗಿಲು ಕಿರುಗುಟ್ಟಿತು. “ಯಾರೂ ಇಲ್ಲಕ್ಕಾ,” ಎಂದಳು. ಆಮೇಲೆ ಮೆಲ್ಲಗೆ, ನನಗಲ್ಲ, “ಒಳಗ ಬಾ.”

ಫೋನ್ ಕಟ್ಟಾಯಿತು.

“ಚಿಲಕಾ ಹಾಕ ಲಗೂ, ಸೊಳ್ಳಿ ಬರ್ತಾವ,” ಎಂದು ರೂಮ್‌ಮೇಟ್ ಹುಮಾ ಗೊಣಗುತ್ತಿದ್ದಾಳೆ. ಹಾಕಲು ಕೈ ಏಳುತ್ತಿಲ್ಲ. ಅವ್ವ ಈ ಹಾಸ್ಟೆಲ್ ನೋಡಿಯೇ ಇಲ್ಲ, ಅವಳಿಗೆ ದಾರಿ ಗೊತ್ತಿಲ್ಲ; ಬಾಗಿಲಾದರೂ ತೆರೆದಿರಲಿ.