ಎಂಟನೆಯ ಹೆಸರು

ಮಲ್ಕಾಜ್‌ಗಿರಿ, ಹೈದರಾಬಾದ್
ರವಿವಾರ, ೨೧ ನವೆಂಬರ್ ೨೦೦೪

ಚಿರಂಜೀವಿ ಸುಹಾಸಿನಿಗೆ,

ನಿನ್ನ ಬೂದೆಪ್ಪ ಕಾಕಾ ಎರಡೂ ಕೈಗಳನ್ನು ನಿನ್ನ ತಲೆಯ ಮೇಲಿಟ್ಟು ಹರಸುತ್ತಾನೆ. ನಾನು ಗಟ್ಟಿಯಾಗಿದ್ದೇನೆ. ಬಲ ಮೊಣಕಾಲೊಂದು ಮಾತು ಕೇಳುವುದಿಲ್ಲ, ಉಳಿದ ಶರೀರವೆಲ್ಲ ನನ್ನ ಅಂಕೆಯಲ್ಲಿದೆ. ನೀನೂ ನಿಮ್ಮವ್ವನೂ ಸುಖವಾಗಿದ್ದೀರೆಂದು ನಂಬಿ ಬರೆಯುತ್ತಿದ್ದೇನೆ.

ನಿನ್ನ ಪತ್ರ ದಸರೆಗೆ ಮೊದಲೇ ಕೈ ಸೇರಿತ್ತು. ಉತ್ತರ ಬರೆಯುವಷ್ಟರಲ್ಲಿ ದೀಪಾವಳಿಯೂ ದಾಟಿತು. ತಪ್ಪನ್ನು ಪೋಸ್ಟಿನವನ ಮೇಲೆ ಹಾಕೋಣವೆಂದರೆ ಅವನು ದಿನಾ ನನ್ನ ಕುರ್ಚಿಯ ಪಕ್ಕದಲ್ಲೇ ಕುಳಿತು ಚಹಾ ಕುಡಿಯುವವನು, ಪಾಪ. ತಪ್ಪು ನನ್ನದೇ. ನೀನು ಕೇಳಿದ್ದು ಒಂದೇ ಮಾತು: ‘ಕಾಕಾ, ಮಾಘದಾಗ ಲಗ್ನ. ಪತ್ರಿಕಿ ಅಚ್ಚಿಗೆ ಕೊಡಬೇಕು. ಅಪ್ಪನ ಹೆಸರಿನ ಮುಂದ ಶ್ರೀ ಅಂತ ಹಾಕಿಸಲೋ, ದಿವಂಗತ ಅಂತ ಹಾಕಿಸಲೋ? ಬೀಗರು ಮೂರು ಸಲ ಕೇಳ್ಯಾರ. ಅವ್ವನ್ನ ಕೇಳಿದರ ಎದ್ದು ಒಳಗ ಹೋಗ್ತಾಳ.’

ನನ್ನ ಜೊತೆ ಗಾರೆ ಕೆಲಸಕ್ಕಿದ್ದ ನಿಮ್ಮಪ್ಪ ಈ ಊರಿನಿಂದ ಹೇಳದೆ ಕೇಳದೆ ಹೋಗಿ ಹನ್ನೊಂದು ವರ್ಷ. ನಿಮ್ಮವ್ವ ಶಿವದೇವಿ ಒಂದು ದಿನವೂ ಕುಂಕುಮ ಬಿಟ್ಟವಳಲ್ಲ, ಬಳೆ ಇಳಿಸಿದವಳಲ್ಲ. ಇದು ನನಗೆ ಗೊತ್ತಿಲ್ಲವೇ? ಉತ್ತರ ಕೊಡುತ್ತೇನೆ. ಆದರೆ ನಡುವೆ ಇಲ್ಲೊಂದು ಸಂಗತಿ ನಡೆದಿದೆ. ಅದನ್ನು ಮೊದಲು ಹೇಳಬೇಕು. ಮೊಬೈಲಿನಲ್ಲಿ ಹೇಳುವಂಥದ್ದಲ್ಲ, ಅದಕ್ಕೇ ಕಾಗದ.

ನಿನ್ನ ಕಾಕಾ ಈಗ ಹೈದರಾಬಾದಿನ ಹೆಸರುವಾಸಿ ಕಲಾವಿದ. ನಗಬೇಡ. ಹೈಟೆಕ್ ಸಿಟಿಯ ಅರ್ಧ ಕಟ್ಟಡಗಳಿಗೆ ಸ್ಲ್ಯಾಬು ಹಾಕಿಸಿದ ಮೇಸ್ತ್ರಿ ನಾನು. ಕಾಲು ಕೈಕೊಟ್ಟ ಮೇಲೆ ಈ ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಇನ್‌ಚಾರ್ಜ್ ಆಗಿದ್ದೇನೆ. ವಾಚ್‌ಮನ್ ಎಂದು ಕರೆಯುವವರೂ ಇದ್ದಾರೆ, ಅವರದು ಹೊಟ್ಟೆಕಿಚ್ಚು. ಇಲ್ಲಿಯ ಸೆಲ್ಲಾರಿನಲ್ಲಿ, ಅಂದರೆ ನೆಲದಡಿ ಕಾರು ನಿಲ್ಲಿಸುವ ಜಾಗದಲ್ಲಿ, ರವಿವಾರ ಮಧ್ಯಾಹ್ನ ನಾಲ್ಕು ಸಾಫ್ಟ್‌ವೇರ್ ಮಂದಿ ಕೂಡಿ ಬಾರಿಸುತ್ತಾರೆ. ಬ್ಯಾಂಡಿಗೆ ಇಂಗ್ಲಿಷಿನಲ್ಲಿ ಏನೋ ಹೆಸರಿದೆ. ನಾನು ಇಟ್ಟಿರುವ ಹೆಸರು ಕರಿ ಅಂಗಿ ಭಜನಾ ಮಂಡಳಿ. ಬಟ್ಟೆ ಕರಿದು, ಉಗುರು ಕರಿದು, ಹಾಡೆಲ್ಲ ಮಸಣ, ಮಾಟ, ಸತ್ತವರನ್ನು ಎಬ್ಬಿಸುವುದು. ಎಪ್ಪತ್ತನೇ ಇಸವಿಯ ಸುಮಾರಿಗೆ ಪರದೇಶದಲ್ಲಿ ಇಂಥದ್ದು ಬಹಳ ನಡೆಯುತ್ತಿತ್ತಂತೆ. ಇವರು ಆ ಕಾಲದ ಗಿಟಾರು, ಆ ಕಾಲದ ಆರ್ಗನ್ನು ಹುಡುಕಿ ತಂದು ಅದನ್ನೇ ಮತ್ತೆ ಕಟ್ಟುತ್ತಿದ್ದಾರೆ. ಗಿಟಾರು ಶುರುವಾದರೆ ಕಾಂಕ್ರೀಟಿನ ಮಿಕ್ಸರಿನೊಳಗೆ ತಲೆಯಿಟ್ಟ ಹಾಗೆ. ಡ್ರಮ್ಮಿನ ಒಂದೊಂದು ಪೆಟ್ಟಿಗೂ ಸೆಂಟ್ರಿಂಗ್ ಹಲಗೆ ಬಿದ್ದಂತಾಗಿ ನಾನು ಅಭ್ಯಾಸಬಲದಿಂದ ತಲೆ ತಗ್ಗಿಸುತ್ತೇನೆ.

ಆರ್ಗನ್ನಿನದು ಮಾತ್ರ ಬೇರೆ ಜಾತಿ. ನಮ್ಮ ಹಾರ್ಮೋನಿಯಂ ಮುಂದೆ ಅದು ಆನೆ. ಅದರ ಜೊತೆಗೆ ಒಂದು ಕಟ್ಟಿಗೆಯ ಕಪಾಟು, ಕಪಾಟಿನೊಳಗೆ ದನಿ ಹೊರಡಿಸುವ ಭೋಂಗಾ, ಅಂದರೆ ತುತ್ತೂರಿ, ಗಿರಗಿರ ತಿರುಗುತ್ತದೆ. ಅದರಿಂದ ಸ್ವರ ಒಂದು ಕಡೆ ನಿಲ್ಲುವುದಿಲ್ಲ. ಕಣ್ಣು ಮುಚ್ಚಿದರೆ ಯಾರೋ ಗೋಡೆ ಹಿಡಿದು ಸೆಲ್ಲಾರಿನ ಸುತ್ತ ನಡೆಯುತ್ತಿರುವಂತೆ ಕೇಳಿಸುತ್ತದೆ.

ಒಂದು ರವಿವಾರ ನಾನು ಮೆಟ್ಟಿಲ ಕೆಳಗೆ ಕುಳಿತು ಕೊಳಲು ಊದುತ್ತಿದ್ದೆ. ಆರ್ಗನ್ನು ಬಾರಿಸುವ ಬಸವಕಿರಣ ಓಡಿಬಂದ. ನಮ್ಮ ಭಾಲ್ಕಿ ಕಡೆಯವನು, ಕಂಪನಿಯಲ್ಲಿ ದೊಡ್ಡ ನೌಕರಿ.

‘ಊದಿದವರು ನೀವೇನ್ರಿ ಕಾಕಾ?’

‘ಮತ್ತ್ಯಾರು, ಆ ಮಾರುತಿ ಕಾರು ಊದತೈತೇನು?’

‘ಒಳಗ ಬರ್ರಿ. ನಮಗ ಕೊಳಲಿನವರು ಬೇಕಾಗ್ಯಾರ. ಎಷ್ಟು ವರ್ಷದಿಂದ ಊದಾಕತ್ತೀರಿ?’

‘ನಾ ಊದಿದರ ಊರಾಗಿನ ಎಮ್ಮಿ ಎರಡು ಸೇರು ಹೆಚ್ಚು ಹಾಲು ಕೊಡತಿದ್ದವು’ ಎಂದೆ. ಕಲಿಸಿದವನು ನಿಮ್ಮಪ್ಪ ಎಂದು ಹೇಳಲಿಲ್ಲ. ಎಲ್ಲರಿಗೂ ಎಲ್ಲವನ್ನೂ ಹೇಳಬೇಕಾಗಿಲ್ಲ.

ಹಾಡುವವಳು ಯಾಮಿನಿ, ತೆಲುಗಿನವಳು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ‘ಅಂಕುಲ್, ಭಯಂ ಪುಟ್ಟಾಲಿ’ ಎಂದಳು. ಕೇಳಿದವರಿಗೆ ಭಯ ಹುಟ್ಟಬೇಕಂತೆ. ಅವರ ಒಂದು ಹೊಸ ಹಾಡಿಗೆ ಸತ್ತವರನ್ನು ಕರೆಯುವ ಮಂತ್ರ ಬೇಕಿತ್ತು. ಇಂಗ್ಲಿಷಿನ ಮಂತ್ರವೆಲ್ಲ ಹಳತಾಯಿತು, ನಿಮ್ಮ ಊರಿನ ಕಡೆಯದು ಏನಾದರೂ ಇದ್ದರೆ ಕೊಡಿ ಎಂದು ಗಂಟು ಬಿದ್ದಳು. ಏಳನೇ ಇಯತ್ತೆ ಓದಿದವನಿಗೆ ಯಾವ ಮಂತ್ರ ಬಂದೀತು? ಗೊತ್ತಿಲ್ಲ ಎಂದು ಹೇಳುವ ಜಾಯಮಾನವೂ ನನ್ನದಲ್ಲ. ಹದಿನಾರರ ಮಗ್ಗಿಯನ್ನೇ ದನಿ ತೆಗೆದು ಹೇಳಿಬಿಡೋಣವೆಂದುಕೊಂಡೆ. ಬಾಯಿ ತೆರೆದರೆ ಬಂದದ್ದು ನಮ್ಮ ಹಿರಿಯರ ಹೆಸರುಗಳು.

ನಿನಗೆ ನೆನಪಿದೆಯಲ್ಲ? ಮಹಾನವಮಿ ಅಮಾವಾಸ್ಯೆಗೆ ತೀರಿಹೋದ ಹಿರಿಯರಿಗೆಲ್ಲ ಒಂದೊಂದು ಎಲೆ ಹಾಕಿ, ಎಡೆ ಬಡಿಸಿ, ನಿಮ್ಮಜ್ಜಿ ಗದಿಗೆಮ್ಮ ಹೊಸ್ತಿಲಲ್ಲಿ ನಿಂತು ಕರೆಯುತ್ತಿದ್ದಳು. ಹಳಬರು ಮೊದಲು. ಲಿಂಗಣ್ಣಾ... ನಾವೆಲ್ಲ ಒಳಗಿನಿಂದ, ಬರ್ರಿ, ಉಣ್ರಿ. ಸೂಗಮ್ಮಾ... ಬರ್ರಿ, ಉಣ್ರಿ. ಈಗ ಅವಳೂ ಅದೇ ಸಾಲಿನಲ್ಲಿದ್ದಾಳೆ, ಕರೆಯುವವಳು ನಿಮ್ಮವ್ವ. ಅಜ್ಜಿ ನಮಗೆ ಹೇಳುತ್ತಿದ್ದುದು ಒಂದೇ ಕಟ್ಟಳೆ: ‘ಎಡಿ ಇಡದ ಹೆಸರು ಕರೀಬ್ಯಾಡ್ರಿ. ಕರದರ ಅವರು ಹಸಗೊಂಡು ಬರ್ತಾರ.’ ಈ ಕಟ್ಟಳೆಯನ್ನು ನಾನು ಮಂಡಳಿಗೆ ಹೇಳಲಿಲ್ಲ.

ಏಳು ಹೆಸರು ಹೇಳಿ ನಿಲ್ಲಿಸಿದೆ. ಯಾಮಿನಿಯ ತೋಳಿನ ಕೂದಲು ನೆಟ್ಟಗೆ ನಿಂತಿತ್ತು, ನನಗೇ ತೋರಿಸಿದಳು. ಬಸವಕಿರಣ, ‘ಇವರೆಲ್ಲ ಯಾರ್ರಿ ಕಾಕಾ?’ ಎಂದ. ‘ಅರವತ್ತನಾಲ್ಕು ಭೂತದಾಗ ಮುಖ್ಯ ಭೂತ’ ಎಂದೆ. ನಿನ್ನ ಮುತ್ತಜ್ಜನಿಗೆ ಕೇಳಿಸಿದ್ದರೆ ಬಾರುಕೋಲು ತೆಗೆಯುತ್ತಿದ್ದ.

‘ಏಳಕ್ಕ ತಾಳ ಕೂಡಂಗಿಲ್ಲ ಕಾಕಾ. ಇನ್ನೊಂದು ಹೆಸರು ಹಾಕ್ರಿ.’

‘ಭೀಮಾಶಂಕರ’ ಎಂದೆ.

ಸಿಟ್ಟಾಗಬೇಡ ಮಗಳೇ. ತಾಳಕ್ಕೊಂದು ಹೆಸರು ಬೇಕಿತ್ತು, ನಿಮ್ಮಪ್ಪನ ಹೆಸರು ಬಾಯಿಗೆ ಬಂತು, ಅಷ್ಟೇ.

ದಸರೆ ಮುಗಿದ ಮೊದಲ ಶನಿವಾರ ನಾರಾಯಣಗೂಡದ ಒಂದು ಮೈದಾನದಲ್ಲಿ ಕಾರ್ಯಕ್ರಮವಾಯಿತು. ಸಂಜೆ ಐದರ ಬಿಸಿಲು. ಸಾವಿರ ಮಂದಿ ಸೇರಿದ್ದರು. ಬಸವಕಿರಣನನ್ನು ಕೇಳಿದರೆ ಮುನ್ನೂರು ಎನ್ನುತ್ತಾನೆ, ಅವನಿಗೆ ಎಣಿಕೆ ಬರುವುದಿಲ್ಲ. ನನಗೊಂದು ಕರಿ ನಿಲುವಂಗಿ ತೊಡಿಸಿದ್ದರು. ನಾನು ಊದಿದ್ದಕ್ಕೆ ಶಿಳ್ಳೆಯೋ ಶಿಳ್ಳೆ. ಕಡೆಗೆ ಆ ಹಾಡು ಬಂತು. ಯಾಮಿನಿ ಒಂದೊಂದೇ ಹೆಸರು ಕರೆದಳು. ಕನ್ನಡದ ಅಕ್ಷರವೂ ತಿಳಿಯದ ಮಂದಿ ಅವಳು ಕಲಿಸಿದಂತೆ ಕೂಗಿದರು, ಬರ್ರಿ, ಉಣ್ರಿ. ಏಳೂ ಸರಿಯಾಗಿ ನಡೆದವು. ಭೀಮಾಶಂಕರಾ ಎಂದು ಕರೆದು ಅವಳು ಸುಮ್ಮನಾದಳು. ಮಂದಿ ಕೂಗಿದರು, ಸುಮ್ಮನಾದರು. ಆರ್ಗನ್ನು ಸುಮ್ಮನಾಗಲಿಲ್ಲ.

ಒಂದೇ ಸ್ವರ. ನಾನು ಬಸವಕಿರಣನ ಕಡೆ ತಿರುಗಿದೆ. ಅವನು ಎರಡೂ ಕೈಗಳನ್ನು ಮೇಲಕ್ಕೆತ್ತಿ ನನಗೆ ತೋರಿಸುತ್ತಿದ್ದ. ಆ ಸ್ವರ ನನ್ನ ಬಲಗಿವಿಯಿಂದ ಬೆನ್ನ ಹಿಂದೆ ಹೋಗಿ ಎಡಗಿವಿಗೆ ಬಂತು. ಮತ್ತೆ ಬಲಕ್ಕೆ. ಪ್ರತಿ ಸುತ್ತಿಗೂ ಹತ್ತಿರವಾಯಿತು. ಊದೋಣವೆಂದರೆ ಕೊಳಲಿನೊಳಗೆ ನನ್ನ ಉಸಿರು ಇಳಿಯಲಿಲ್ಲ. ಯಾರೋ ವೈರು ಕಿತ್ತರು. ವೈರು ಕಿತ್ತ ಮೇಲೂ ಮೂರು ಸುತ್ತು ತಿರುಗಿ ನಿಂತಿತು. ಮಂದಿ ಇದೂ ಹಾಡಿನ ಒಂದು ಭಾಗವೆಂದು ತಿಳಿದು ಚಪ್ಪಾಳೆ ತಟ್ಟಿದರು. ಹಳೆಯ ಮಷೀನು, ಒತ್ತಿದ ಕೀ ಸಿಕ್ಕಿಕೊಂಡಿರಬೇಕು ಎಂದು ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಅದಾದ ಮಂಗಳವಾರ, ಹಾಡುಹಗಲು ಹನ್ನೆರಡು ಗಂಟೆ. ಇಲ್ಲಿ ಕೆಳಗಿನ ಮನೆಯಲ್ಲಿ ಒಬ್ಬ ಮುದುಕಿ ಇದ್ದಾಳೆ. ಗಂಡ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವನು. ತೆಲುಗು ಬಿಟ್ಟು ಒಂದು ಶಬ್ದವೂ ಬಾರದು. ಸಂಡಿಗೆ ಒಣಗಿಸುತ್ತ ಕುಳಿತಿದ್ದವಳು ನನ್ನನ್ನು ಕರೆದು, ‘ಬೂದೆಪ್ಪಾ, ಮೀ ಊರಾಯನ ವಚ್ಚಾಡು’ ಎಂದಳು. ನಿಮ್ಮ ಊರಿನವರು ಯಾರೋ ಬಂದಿದ್ದರು ಎಂದು.

ಯಾರು ಎಂದೆ. ಸೆಲ್ಲಾರಿನ ಇಳಿಜಾರಿನಿಂದ ಹತ್ತಿ ಬಂದನಂತೆ. ಬರಿಗಾಲು, ಮೊಣಕಾಲಿನವರೆಗೆ ಹಸಿ ಸಿಮೆಂಟು. ಇವಳು ತೆಲುಗಿನಲ್ಲಿ ಏನು ಬೇಕೆಂದು ಕೇಳಿದರೆ ಅವನು ಒಂದೇ ಮಾತನ್ನು ಮೂರು ಸಲ ಹೇಳಿ ತಿರುಗಿ ಇಳಿದು ಹೋದನಂತೆ. ಅದು ನಿನ್ನ ಭಾಷೆ ಇರಬೇಕು, ಇರು, ಹೇಳುತ್ತೇನೆ ಎಂದು ಕಣ್ಣು ಮುಚ್ಚಿ, ಶಾಲೆಯ ಮಕ್ಕಳು ಪಾಠ ಒಪ್ಪಿಸುವಂತೆ ಒಪ್ಪಿಸಿದಳು:

‘ನನ್ನ ಎಡಿ ಎಲ್ಲೈತಿ?’

ಸುಹಾಸಿನಿ, ನಮ್ಮ ಮನೆಯ ದನಿಯಲ್ಲೇ ಹೇಳಿದಳು. ‘ಅಂಟೆ ಏಮಿಟಿ?’ ಎಂದು ಅರ್ಥ ಕೇಳಿದಳು. ಅಡ್ರೆಸ್ಸು ಕೇಳಿದ್ದಾನೆ ಎಂದು ಸುಳ್ಳು ಹೇಳಿದೆ. ಸೆಲ್ಲಾರಿಗೆ ಇಳಿದು ನೋಡಿದೆ. ಎರಡು ಕಾರು, ಚಾದರ ಹೊದಿಸಿದ ಆರ್ಗನ್ನು, ಬೇರೇನೂ ಇಲ್ಲ.

ನಾನು ಹೆದರುವವನಲ್ಲ, ನಿನಗೆ ಗೊತ್ತು. ಆದರೆ ಕುಳಿತು ಲೆಕ್ಕ ಹಾಕಿದೆ. ಕರೆದದ್ದು ಎಂಟು ಮಂದಿಯನ್ನು. ಏಳು ಮಂದಿಗೆ ಊರಿನಲ್ಲಿ ನಿಮ್ಮವ್ವ ವರ್ಷ ತಪ್ಪದೆ ಎಲೆ ಹಾಕುತ್ತಾಳೆ. ಅವರಿಗೆ ಇಲ್ಲಿ ಬಂದು ಕೇಳುವ ಜರೂರಿಲ್ಲ.

ಮರುದಿನ ರೊಟ್ಟಿ, ಪುಂಡಿಪಲ್ಯ, ಅನ್ನ ಮಾಡಿ ಸೆಲ್ಲಾರಿನ ಮೂಲೆಯಲ್ಲಿ ಒಂದು ಎಲೆ ಹಾಕಿದೆ. ಹೆಸರು ಮಾತ್ರ ಕರೆಯಲಿಲ್ಲ. ಕರೆದರೆ ಒಪ್ಪಿಕೊಂಡಂತಾಗುತ್ತದಲ್ಲ. ಎರಡು ದಿನ ಹಾಗೇ ಇತ್ತು. ನಮ್ಮ ಸೆಲ್ಲಾರಿನ ಇರುವೆಗಳು ಕಾರಿನ ಸೀಟನ್ನೂ ಬಿಡುವುದಿಲ್ಲ, ಆ ಅನ್ನದ ಹತ್ತಿರ ಒಂದೂ ಬರಲಿಲ್ಲ. ಶುಕ್ರವಾರ ಮುದುಕಿ ಮತ್ತೆ ಹೇಳಿದಳು, ಬಂದಿದ್ದನಂತೆ. ಈ ಸಲ ಮೆಟ್ಟಿಲ ಮೇಲೆ ಕುಳಿತು ಕೇಳಿದನಂತೆ.

ಯಾಮಿನಿಗೆ ಕೈ ಮುಗಿದು ಆ ಎಂಟನೆಯ ಹೆಸರನ್ನು ತೆಗೆದುಬಿಡು ತಾಯಿ ಎಂದೆ. ಅದೇ ಎಲ್ಲಕ್ಕಿಂತ ಚೆಂದ, ಅಂಕುಲ್ ಎಂದಳು. ಅಷ್ಟರಲ್ಲಿ ಹಾಡು ಸೀಡಿಯಾಗಿತ್ತು, ಒಂದು ಆಫೀಸಿನ ಕಂಪ್ಯೂಟರಿನಿಂದ ಇನ್ನೊಂದಕ್ಕೆ ದಾಟುತ್ತ ಊರು ತುಂಬಿತ್ತು. ಮೊನ್ನೆ ಮೆಹದಿಪಟ್ಟಣಂನಲ್ಲಿ ಬಸ್ಸಿಗೆ ನಿಂತಿದ್ದೆ. ಕಿವಿಗೆ ವೈರು ಹಾಕಿಕೊಂಡ ಒಬ್ಬ ಕಂಪನಿಯವನು, ಯಾವ ದೇಶದವನೋ ಏನೋ, ನನ್ನ ಪಕ್ಕದಲ್ಲಿ ತಲೆ ಆಡಿಸುತ್ತ ಮೆಲ್ಲಗೆ ಗುನುಗುತ್ತಿದ್ದ: ಭೀಮಾಶಂಕರಾ, ಬರ್ರಿ, ಉಣ್ರಿ. ಇಷ್ಟು ದೊಡ್ಡ ಊರಿನಲ್ಲಿ ಎಷ್ಟು ಮಂದಿ ಹೀಗೆ ಕರೆಯುತ್ತಿದ್ದಾರೋ. ಒಬ್ಬರ ಹತ್ತಿರವೂ ಎಲೆ ಇಲ್ಲ.

ಹೋಗಲಿ. ಇದರಿಂದ ಏನೂ ಸಾಬೀತಾಗುವುದಿಲ್ಲ. ಮುದುಕಿಗೆ ಎಂಬತ್ತು ವರ್ಷ, ಬಿಸಿಲಲ್ಲಿ ಕೂಡುತ್ತಾಳೆ. ನಿನ್ನ ಲಗ್ನಕ್ಕೆ ಇಲ್ಲಿಂದ ಮುತ್ತಿನ ಸರ ತರುತ್ತೇನೆ. ಅಸಲಿಯೋ ನಕಲಿಯೋ ಎಂದು ಬೀಗರ ಎದುರು ಹಲ್ಲಿಗೆ ತಿಕ್ಕಿ ನೋಡಬೇಡ. ವರನಿಗೆ ಹೇಳು, ಕಾಕಾ ಲಗ್ನದ ಹಂದರದಲ್ಲಿ ಕೊಳಲು ಊದುತ್ತಾನೆ ಎಂದು. ನಿನ್ನ ಬಾಳು ತುಂಬಿ ಹರಿಯಲಿ, ನಿನ್ನ ಮನೆಯ ಒಲೆ ಆರದಿರಲಿ. ನಿಮ್ಮವ್ವನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಪ್ರೀತಿಯ ಕಾಕಾ,
ಬೂದೆಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಆ ಹೆಸರು ತಾಳಕ್ಕಾಗಿ ಅಲ್ಲ. ಹನ್ನೊಂದು ವರ್ಷದಿಂದ ಒಮ್ಮೆಯಾದರೂ ಅಣ್ಣನನ್ನು ಹಿರಿಯರ ಸಾಲಿನಲ್ಲಿ ನಿಲ್ಲಿಸಿ ಕರೆಯಬೇಕೆಂದಿದ್ದೆ. ನಿಮ್ಮವ್ವನ ಎದುರು ಬಾಯಿ ಬರಲಿಲ್ಲ. ಇಲ್ಲಿ ಅವನು ಯಾರೆಂದು ಯಾರಿಗೂ ತಿಳಿಯುವುದಿಲ್ಲವೆಂದು ಕರೆದೆ.

ಅವನು ಹೇಳದೆ ಕೇಳದೆ ಎಲ್ಲಿಗೂ ಹೋಗಲಿಲ್ಲ, ಸುಹಾಸಿನಿ. ಆ ವರ್ಷದ ಶ್ರಾವಣ. ಮಳೆ ಆಗಷ್ಟೇ ನಿಂತಿತ್ತು, ಬೊಂಬಿನ ಅಟ್ಟಣಿಗೆ ತೊಯ್ದಿತ್ತು. ಇವತ್ತು ಯಾರೂ ಹತ್ತಬೇಡಿ ಎಂದು ಇಂಜಿನಿಯರು ಹೇಳಿದರು. ನಾನು ಹತ್ತು ಮಂದಿಯ ನಡುವೆ ಎದೆ ಉಬ್ಬಿಸಿ, ‘ನಮ್ಮಣ್ಣ ಹತ್ತತಾನ್ರಿ, ಅವಂಗ ಹಗ್ಗಾನೂ ಬೇಕಿಲ್ಲ’ ಎಂದೆ. ಅಣ್ಣ ನನ್ನ ಮುಖ ನೋಡಿದ. ತಮ್ಮನ ಮಾತು ನಾಲ್ಕು ಜನರಲ್ಲಿ ಬೀಳಬಾರದೆಂದು ಹತ್ತಿದ. ಐದನೆಯ ಅಂತಸ್ತಿನಿಂದ ಬಿದ್ದ. ದವಾಖಾನೆಯ ಕಾಗದಕ್ಕೆ ಸಹಿ ಹಾಕಿದವನು ನಾನು, ಮಣ್ಣು ಕೊಟ್ಟವನೂ ನಾನೇ. ಊರಿಗೆ ಬಂದು ನಿಮ್ಮವ್ವನ ಹಣೆ ನೋಡಿದಾಗ ನಾಲಿಗೆ ತಾನಾಗಿ, ಜಗಳಾಡಿ, ಹೇಳದೆ ಕೇಳದೆ ಮುಂಬೈ ಕಡೆ ಹೋದ ಎಂದಿತು. ಅವನನ್ನು ಮಣ್ಣು ಮಾಡಿದ ಜಾಗ ಇಲ್ಲಿಂದ ಹತ್ತು ನಿಮಿಷದ ದಾರಿ. ಅದಕ್ಕೇ ಈ ಅಪಾರ್ಟ್‌ಮೆಂಟು ಬಿಟ್ಟು ನಾನು ಬೇರೆ ಕಡೆ ಹೋಗಿಲ್ಲ.

ಪತ್ರಿಕೆಯಲ್ಲಿ ದಿವಂಗತ ಎಂದೇ ಹಾಕಿಸು. ಆದರೆ ನಾನು ಬರುವವರೆಗೆ ತಡೆ. ಬುಧವಾರದ ಬೆಳಗಿನ ರೈಲಿಗೆ ಹೊರಡುತ್ತೇನೆ, ನಿಮ್ಮವ್ವನಿಗೆ ನಾನೇ ಹೇಳುತ್ತೇನೆ. ಅವಳು ಕೈಗೆ ಸಿಕ್ಕಿದ್ದನ್ನು ಎತ್ತಿ ಹೊಡೆಯಲಿ. ನೀನು ನಡುವೆ ಬರಬೇಡ.