ಕ್ವಾರ್ಕ್ ವಿವರಿಸಿದ ಭಾನುವಾರ

9 ಫೆಬ್ರವರಿ, ರಾತ್ರಿ

ಯಾಕೆ ನಕ್ಕೆ ನಾನು?

ಬಸವೇಶ್ವರನಗರದಿಂದ ಗಂಡಿನ ಕಡೆಯವರು ಬಂದಿದ್ದರು. ಹುಡುಗನ ಅಪ್ಪ ಶಂಭುಲಿಂಗಪ್ಪ ಉಪ್ಪಿಟ್ಟು ತಿನ್ನುತ್ತಾ, "ಪಿಎಚ್‌ಡಿ ಯಾವುದರ ಮೇಲಮ್ಮಾ?" ಅಂದರು. ಪೆದ್ದಿ ಥರ ಖುಷಿಯಿಂದ ಶುರು ಮಾಡಿದೆ. ಸೀಸದ ಎರಡು ನ್ಯೂಕ್ಲಿಯಸ್ ಭಾರೀ ವೇಗದಲ್ಲಿ ಡಿಕ್ಕಿ ಹೊಡೆದರೆ ಒಳಗಿನ ಕ್ವಾರ್ಕ್ ಅನ್ನೋ ಅತಿ ಸಣ್ಣ ಕಣಗಳು ಕಣ್ಣು ಮಿಟುಕಿಸೋದಕ್ಕಿಂತ ಕಡಿಮೆ ಹೊತ್ತು ಬಿಡುಗಡೆಯಾಗುತ್ತವೆ. ಆಮೇಲೆ ಮತ್ತೆ ಸೆರೆ. ನಮಗೆ ಸಿಗೋದು ಸೆರೆಯಾದವು ಮಾತ್ರ. ಅವನ್ನು ನೋಡಿ, ಮೊದಲು ಹೇಗಿತ್ತು ಅಂತ ಲೆಕ್ಕ ಹಾಕ್ತೀನಿ.

"ಅಂದ್ರೆ ಆ ಮೊದಲಿಂದನ್ನ ಯಾರೂ ನೋಡಿಲ್ಲ?"

"ಇಲ್ಲ ಅಂಕಲ್."

"ಹಂಗಾದ್ರೆ ಓದು ಅರ್ಧಕ್ಕೆ ಬಿಟ್ರೂ ಯಾರಿಗೂ ಗೊತ್ತಾಗಲ್ಲ ಬಿಡಮ್ಮಾ!"

ಎಲ್ಲರೂ ನಕ್ಕರು. ಅಪ್ಪನ ಮುಖ ನೋಡಿ ನಾನೂ ನಕ್ಕೆ.

ಈಗ ಅಡುಗೆಮನೆಯಿಂದ ಅಮ್ಮ ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳೋದು ಕೇಳಿಸ್ತಿದೆ: "ಓದು ಬಿಡೋಕೂ ಒಪ್ಪಿದ್ಲು ಕಣೇ, ಅವರೆದುರಿಗೇ ನಕ್ಕಳು."